ಮಾರ್ಗದರ್ಶಿ ನಾಯಿಯೊಂದಿಗೆ ಹೆಜ್ಜೆ ಹೊಂದಿಸಿಕೊಳ್ಳುವುದು ಹೇಗೆ?

ಹೋಗಬೇಕಾದ ಸ್ಥಳದ ಹೆಸರು ಹೇಳಿದರೆ ಸಾಕು, ಮಾರ್ಗದರ್ಶಿ ನಾಯಿ ಅಂಧರನ್ನು ಅಲ್ಲಿಗೆ ಕರೆದೊಯ್ಯುತ್ತದೆ ಎಂದು ಅನೇಕರು ನಂಬಿದ್ದಾರೆ. ವಾಸ್ತವದಲ್ಲಿ ದಾರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಎಲ್ಲಿ ತಿರುಗಬೇಕೆಂದು ಆಜ್ಞೆ ಕೊಡುವ ಹೊಣೆ ಮನುಷ್ಯರದು. ಗುಂಡಿ, ಕಂಬ, ತಲೆಗೆ ತಗಲುವ ಕೊಂಬೆಗಳಿಂದ ತಪ್ಪಿಸಿ ನಡೆಸುವ, ಮೆಟ್ಟಿಲು ಅಥವಾ ರಸ್ತೆಯ ಅಂಚು ಬಂದೊಡನೆ ನಿಲ್ಲುವ ಹೊಣೆ ನಾಯಿಯದು. ಆದ್ದರಿಂದ ನಾಯಿಗಾಗಿ ಅರ್ಜಿ ಸಲ್ಲಿಸುವ ಮೊದಲೇ ಬಿಳಿ ಕೋಲಿನ ನೆರವಿನಿಂದ ಒಬ್ಬರೇ ಓಡಾಡುವುದನ್ನು ಚೆನ್ನಾಗಿ ರೂಢಿಸಿಕೊಂಡಿರಬೇಕು.

ಮುಂದಿನದು ಜೋಡಿ ಕೂಡಿಸುವ ಹಂತ. ನಾಯಿಯ ಜಾಗದಲ್ಲಿ ತರಬೇತುದಾರರೇ ಹಾರ್ನೆಸ್ (ನಾಯಿಯ ಮೈಗೆ ಕಟ್ಟುವ, ಹಿಡಿಕೆಯಿರುವ ಪಟ್ಟಿ) ಹಿಡಿದು ಅರ್ಜಿದಾರರನ್ನು ನಡೆಸಿ, ಅವರ ನಡಿಗೆಯ ವೇಗವೆಷ್ಟು, ಎಷ್ಟು ಸೆಳೆತ ಅವರಿಗೆ ಹಿತವೆನಿಸುತ್ತದೆ ಎಂದು ಅಳೆಯುತ್ತಾರೆ. ಇದಕ್ಕೆ ‘ಜೂನೋ ನಡಿಗೆ’ ಎಂಬ ಹೆಸರಿದೆ. ಇದನ್ನೊಂದು ಪರೀಕ್ಷೆಯೆಂದು ಭಾವಿಸಿ ಬಿರಬಿರನೆ ನಡೆದು ತೋರಿಸಿದವರಿಗೆ ಮುಂದೆ ದಿನವೂ ಎಳೆದೊಯ್ಯುವ ನಾಯಿಯೇ ಗಂಟುಬೀಳಬಹುದು. ಎಂದಿನಂತೆ ನಡೆಯುವುದೇ ಜಾಣತನ.

ಬಳಿಕ ಕೆಲವು ವಾರಗಳ ಜಂಟಿ ತರಬೇತಿ ಇರುತ್ತದೆ. ನಾಯಿ ತಿಂಗಳುಗಟ್ಟಲೆ ಕಲಿತೇ ಬಂದಿರುವುದರಿಂದ ಇಲ್ಲಿ ಹೆಚ್ಚು ಕಲಿಯಬೇಕಾದವರು ಮನುಷ್ಯರೇ. 1928ರಲ್ಲಿ ಅಮೆರಿಕದ ಅಂಧ ಯುವಕ ಮಾರಿಸ್ ಫ್ರಾಂಕ್ ಅವರು ಸ್ವಿಟ್ಜರ್ಲೆಂಡಿಗೆ ಹೋಗಿ, ಬಡ್ಡಿ ಎಂಬ ಜರ್ಮನ್ ಶೆಫರ್ಡ್ ನಾಯಿಯ ಜತೆ ತಾವೂ ತರಬೇತಿ ಪಡೆದೇ ಊರಿಗೆ ಮರಳಿದ್ದರು.

ಎಲ್ಲಕ್ಕಿಂತ ಕಠಿಣವಾದ ಪಾಠ ರಸ್ತೆ ದಾಟುವಾಗ ಎದುರಾಗುತ್ತದೆ. ನಾಯಿ ಸಿಗ್ನಲ್ ದೀಪ ನೋಡಿ ನಿರ್ಧರಿಸುವುದಿಲ್ಲ. ವಾಹನಗಳ ಸದ್ದಿಗೆ ಕಿವಿಗೊಟ್ಟು ‘ಮುಂದೆ’ ಎನ್ನಬೇಕಾದವರು ಜತೆಗಾರರು, ಅಂದರೆ ನಾಯಿಯೊಂದಿಗೆ ನಡೆಯುವ ಅಂಧರು. ಆದರೆ ಸದ್ದಿಲ್ಲದ ವಾಹನವೊಂದು ನುಗ್ಗಿ ಬರುತ್ತಿದ್ದರೆ ನಾಯಿ ಆ ಆಜ್ಞೆಯನ್ನು ಪಾಲಿಸದೆ ನಿಂತುಬಿಡಬೇಕು, ಹಾಗೆಯೇ ಅದನ್ನು ತಯಾರು ಮಾಡಿರುತ್ತಾರೆ. ಅವಸರದಲ್ಲಿರುವವರಿಗೆ ಇದು ಮೊಂಡುತನದಂತೆ ತೋರಿ ಗದರಿಸುವ ಮನಸ್ಸಾಗುವುದು ಸಹಜ. ಗದರಿಸಿದರೆ, ಅಪಾಯ ಕಂಡಾಗಲೂ ನಿಲ್ಲಲು ನಾಯಿ ಹಿಂಜರಿಯತೊಡಗುತ್ತದೆ. ಕಾರಣ ಗೊತ್ತಾಗದಿದ್ದರೂ ತಡೆದು, ಪಾದದಿಂದ ನೆಲ ಪರೀಕ್ಷಿಸಿ, ಮತ್ತೊಮ್ಮೆ ಆಲಿಸಿ, ಅನಂತರವಷ್ಟೇ ಆಜ್ಞೆಯನ್ನು ಪುನಃ ಹೇಳಬೇಕು.

ಮನೆಯಲ್ಲಿ ಊಟ, ಮೈ ಬಾಚುವುದು, ಮಲಮೂತ್ರಕ್ಕೆ ಹೊರಗೆ ಒಯ್ಯುವುದು ಇವನ್ನೆಲ್ಲ ಮೊದಮೊದಲು ಜತೆಗಾರರೇ ಮಾಡಬೇಕು. ಮನೆಮಂದಿಯ ಮುದ್ದು ಆಮೇಲೆ. ಹಾರ್ನೆಸ್ ಬಿಚ್ಚಿದ ಮೇಲೆ ಅದೂ ಆಟವಾಡುವ ನಾಯಿಯೇ.

ಹೊಂದಿಕೆ ಕುದುರಲು ಹಲವು ತಿಂಗಳು ಹಿಡಿಯುವುದುಂಟು. ಆ ಅವಧಿಯಲ್ಲಿ ಭುಜ ಕಂಬಕ್ಕೆ ತಗಲಿದರೆ ಮುಂದೆ ಸಾಗಿಬಿಡದೆ, ಕಂಬವನ್ನು ತಟ್ಟಿ ತೋರಿಸಿ, ನಾಲ್ಕು ಹೆಜ್ಜೆ ಹಿಂದಕ್ಕೆ ಬಂದು ಅದೇ ಜಾಗವನ್ನು ಇನ್ನೊಮ್ಮೆ ದಾಟಬೇಕು. ಈ ಸಲ ಅಂತರ ಬಿಟ್ಟು ನಡೆಸಿದ ನಾಯಿಯನ್ನು ಅಲ್ಲಿಯೇ, ಆ ಕ್ಷಣದಲ್ಲಿಯೇ ಹೊಗಳಬೇಕು.