ಕ್ಯೋಟೊದಲ್ಲಿ ಕೊಳಲೂದುವ ಗರುಡ

ಕ್ಯೋಟೊದಲ್ಲಿ ನನಗಿದ್ದದ್ದು ನಾಲ್ಕೇ ದಿನ. ಹೊರಡುವ ಮುನ್ನ ಮಾಡಿಕೊಂಡಿದ್ದ ಪಟ್ಟಿಯಲ್ಲಿ 22 ಗುಡಿಗಳಿದ್ದವು. ಊರಿನ ನಕ್ಷೆಯನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತ ದಿನ ಆ ಪಟ್ಟಿಯನ್ನು ಪಕ್ಕಕ್ಕಿಟ್ಟು, ದಿನಕ್ಕೊಂದೇ ಕೇರಿ ಎಂದು ಗೊತ್ತುಮಾಡಿಕೊಂಡೆ. ಕಾಲ್ನಡಿಗೆಗೆ ದಕ್ಕುವಷ್ಟನ್ನು ನೋಡುವುದು, ಉಳಿದದ್ದನ್ನು ಬಿಡುವುದು. ನಗರದ ಪೂರ್ವಕ್ಕಿರುವ ಶಿಚಿಜೊ ಬೀದಿಯ ಸುತ್ತಮುತ್ತಲಿಗೆ ಮಂಗಳವಾರವನ್ನು ಇಟ್ಟುಕೊಂಡೆ. ಸೋಮವಾರ ಮ್ಯೂಸಿಯಂಗಳಿಗೆ ರಜೆ. ಸೋಮವಾರವೇ ಸರ್ಕಾರಿ ರಜೆ ಬಿದ್ದರೆ ಅಂದು ತೆರೆದು ಮಂಗಳವಾರ ಮುಚ್ಚುವುದೂ ಉಂಟು, ಅದನ್ನು ಮೊದಲೇ ನೋಡಿಕೊಂಡಿದ್ದೆ.

ದಿನ ಶುರುವಾದದ್ದು ಫುಶಿಮಿ ಇನಾರಿಯಲ್ಲಿ, ಬೆಳಗಿನ ಆರಕ್ಕೆ. 711ರಲ್ಲಿ ಸ್ಥಾಪನೆಯಾಯಿತೆನ್ನುವ ಈ ಶಿಂಟೊ ದೇಗುಲಕ್ಕೆ ಟಿಕೆಟ್ ಇಲ್ಲ, ಬಾಗಿಲು ಹಾಕುವ ಹೊತ್ತೂ ಇಲ್ಲ. ತೊಟ್ಟಿಯ ನೀರಿನಲ್ಲಿ ಕೈ, ಬಾಯಿ ತೊಳೆದುಕೊಂಡೆ. ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗುವುದು ಅಲ್ಲಿಯ ಕ್ರಮ. ಗುಡ್ಡ ಹತ್ತುವಾಗ ಸಿಂಧೂರ ಬಣ್ಣದ ತೊರಿಯಿ ಕಮಾನುಗಳು ಬರಿದಾಗಿ ಕಾಣುತ್ತವೆ. ಇಳಿಯುವಾಗ ನೋಡಿ, ಒಂದೊಂದು ಕಂಬದ ಮೇಲೂ ಕಪ್ಪಕ್ಷರ: ಕಾಣಿಕೆ ಕೊಟ್ಟವರ ಹೆಸರು, ಕೊಟ್ಟ ದಿನ. ಆ ದಿನವನ್ನು ಬರೆಯುವುದು ಜಪಾನಿನ ಶಕೆಯಲ್ಲಿ; 2019ರಿಂದ ನಡೆಯುತ್ತಿರುವ ಶಕೆ ರೇಯ್ವಾ. ಆ ಎರಡು ಅಕ್ಷರಗಳನ್ನೂ ಹತ್ತರವರೆಗಿನ ಅಂಕಿಗಳನ್ನೂ ಕಲಿತು ಹೋಗಿದ್ದರಿಂದ ಯಾವ ಕಮಾನು ಹೊಸತು, ಯಾವುದು ಹಳತು ಎಂದು ಓದಿಕೊಳ್ಳುತ್ತಾ ಇಳಿದೆ. ಹಳೆಯ ಕಂಬಗಳ ಬುಡ ಮಳೆಗೆ ಮೆತ್ತಗಾಗಿರುತ್ತದೆ. ಅವು ಹೋಗಿ ಹೊಸವು ಬರುತ್ತಲೇ ಇರುತ್ತವೆ.

ಅಲ್ಲಿಂದ ಕೇಹಾನ್ ರೈಲಿನಲ್ಲಿ ಶಿಚಿಜೊ ನಿಲ್ದಾಣ ಹತ್ತಿರವೇ. ಸಾಂಜೂಸಾಂಗೆನ್‌ದೊ ಎಂಬ ಬೌದ್ಧ ಮಂದಿರ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿದ್ದೆ. ಪಾದರಕ್ಷೆ ಹೊರಗೆ ಬಿಡಬೇಕು, ಫೋಟೊ ತೆಗೆಯುವಂತಿಲ್ಲ. ನವೆಂಬರ್‌ನ ಮರದ ನೆಲ ಅಂಗಾಲಿಗೆ ಕೊರೆಯುತ್ತಿತ್ತು, ದಪ್ಪ ಕಾಲುಚೀಲ ಹಾಕಿಕೊಂಡು ಹೋಗಿ.

ಸುಮಾರು 120 ಮೀಟರ್ ಉದ್ದದ ಒಂದೇ ಪಡಸಾಲೆ. ಕಂಬಗಳ ನಡುವೆ 33 ಅಂಕಣ, ಹೆಸರಿನ ಅರ್ಥವೂ ಅದೇ. ನಡುವೆ ಕುಳಿತ ದೊಡ್ಡ ಕನ್ನೊನ್, ಎರಡು ಬದಿಗೆ ಐನೂರು ಐನೂರು ನಿಂತ ಕನ್ನೊನ್‌ಗಳು. ಕನ್ನೊನ್ ಎಂದರೆ ನಮ್ಮ ಅವಲೋಕಿತೇಶ್ವರ, ಬೌದ್ಧರ ಕರುಣೆಯ ಬೋಧಿಸತ್ವ. 1249ರ ಬೆಂಕಿಯಲ್ಲಿ ಮೊದಲಿನ ಮಂದಿರ ಸುಟ್ಟುಹೋಯಿತು. ಜನ ಹೊತ್ತು ಹೊರಗೆ ತಂದ 124 ಮೂರ್ತಿಗಳು ಉಳಿದವು. ಈಗಿನ ಕಟ್ಟಡ 1266ರದು. ನಡುವಿನ ಮೂರ್ತಿಯನ್ನು ಶಿಲ್ಪಿ ತಂಕೇಯ್ ಮುಗಿಸಿದಾಗ ಅವನಿಗೆ ಎಂಬತ್ತು ದಾಟಿತ್ತು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಚಿನ್ನದ ಸಾಲಲ್ಲ, ಅದರ ಮುಂದೆ ಕಾವಲು ನಿಂತ 28 ದೇವತೆಗಳು. ತೈಶಾಕುತೆನ್ ಎಂದರೆ ಇಂದ್ರ, ಬೊನ್‌ತೆನ್ ಎಂದರೆ ಬ್ರಹ್ಮ, ಬಿಶಾಮೊನ್‌ತೆನ್ ನಮ್ಮ ಕುಬೇರ. ಬಾಸುಸೆನ್ ಎಂಬ ಮುದುಕ ಋಷಿ ಕೋಲೂರಿ ನಿಂತಿದ್ದಾನೆ. ಪಕ್ಕೆಲುಬು ಎಣಿಸಬಹುದು. ಕಣ್ಣಿಗೆ ಸ್ಫಟಿಕ ಕೂರಿಸಿದ್ದಾರೆ, ಕಿಟಕಿಯ ಬೆಳಕು ತಾಗಿದಾಗ ಆ ಕಣ್ಣು ತೇವಗೊಂಡಂತೆ ಕಾಣುತ್ತದೆ. ಮುಂದೆ ಹೋದರೆ ಕಾರುರಾ. ಹೆಸರನ್ನು ಬಾಯಲ್ಲಿ ಎರಡು ಸಲ ಹೊರಳಿಸಿ ನೋಡಿ: ಗರುಡ! ಕೊಕ್ಕು, ಬೆನ್ನಿಗೆ ರೆಕ್ಕೆ, ಕೈಯಲ್ಲಿ ಕೊಳಲು. ಬೇಲೂರಿನಲ್ಲಿ ಚೆನ್ನಕೇಶವನ ಎದುರು ಕೈಮುಗಿದು ನಿಂತವನನ್ನು ಚಿಕ್ಕಂದಿನಿಂದ ನೋಡಿದವಳು ನಾನು. ಇಲ್ಲಿ ಅವನು ಒಡೆಯನಿಲ್ಲದೆ, ತನ್ನ ಪಾಡಿಗೆ ತಾನು ತಾಳ ಹಾಕುತ್ತಾ ಊದುತ್ತಿದ್ದಾನೆ. ಅವನೆದುರು ಎಷ್ಟು ಹೊತ್ತು ನಿಂತೆನೋ ಲೆಕ್ಕವಿಡಲಿಲ್ಲ. ಎರಡು ಶಾಲಾ ತಂಡಗಳು ನನ್ನನ್ನು ದಾಟಿ ಹೋದವು. ಪಟ್ಟಿ ಹಿಡಿದು ಬಂದಿದ್ದರೆ ನಾನೂ ಹಾಗೆಯೇ ದಾಟಿ ಹೋಗುತ್ತಿದ್ದೆ.

ರಸ್ತೆಯಾಚೆಗೇ ಕ್ಯೋಟೊ ರಾಷ್ಟ್ರೀಯ ಮ್ಯೂಸಿಯಂ. 1897ರಲ್ಲಿ ತೆರೆದ ಇಟ್ಟಿಗೆ ಕಟ್ಟಡವನ್ನು ಹೊರಗಿನಿಂದ ಕಣ್ತುಂಬ ನೋಡಿ, 2014ರ ಹೊಸ ಕಟ್ಟಡದಲ್ಲಿ ಒಂದು ಗಂಟೆ ಕಳೆದೆ. ಪ್ರದರ್ಶನಗಳ ನಡುವಿನ ದಿನಗಳಲ್ಲಿ ಒಳಾಂಗಣ ಮುಚ್ಚಿರುತ್ತದೆ, ತಾರೀಕು ನೋಡಿಕೊಂಡೇ ಹೋಗಬೇಕು. ಮಧ್ಯಾಹ್ನಕ್ಕೆ ಮನೆಯಿಂದ ತಂದಿದ್ದ ಒಗ್ಗರಣೆ ಅವಲಕ್ಕಿ. ತರಕಾರಿ ಅಡುಗೆಯ ಸಾರಿಗೂ ಅಲ್ಲಿ ದಾಶಿ ಎಂಬ ಮೀನಿನ ತಿಳಿರಸ ಬೀಳುವುದರಿಂದ ಸಸ್ಯಾಹಾರಿಗಳಿಗೆ ಇದಕ್ಕಿಂತ ನೆಮ್ಮದಿಯ ದಾರಿ ನನಗೆ ಕಾಣಲಿಲ್ಲ.

ಊಟವಾದ ಮೇಲೆ ಉತ್ತರಕ್ಕೆ ನಡೆದೆ. ಗೊಜೊಜಾಕಾ ಕುಂಬಾರರ ಕೇರಿ. ಅಲ್ಲಿನ ಓಣಿಯೊಂದರಲ್ಲಿ ಕುಂಬಾರ ಕಲಾವಿದ ಕವಾಯಿ ಕಾಂಜಿರೊ 1937ರಲ್ಲಿ ತನಗಾಗಿ ಕಟ್ಟಿಕೊಂಡ ಮನೆ ಈಗ ಮ್ಯೂಸಿಯಂ. ಕಪ್ಪು ತೊಲೆಗಳು, ನಡುಮನೆಯ ನೆಲದಲ್ಲೇ ಒಲೆ. ಅವನು ಮಾಡಿಸಿದ ಕುರ್ಚಿಯಲ್ಲಿ ಕುಳಿತುಕೊಳ್ಳಬಹುದು. ಹಿತ್ತಲಿಗೆ ಹೋದರೆ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುವ, ಮಡಕೆ ಸುಡುವ ಗೂಡು. ಕೆಳಗಿನ ಕೋಣೆಯ ಬೆಂಕಿಯೇ ಮೇಲಿನ ಕೋಣೆಗಳಿಗೆ ಹತ್ತುತ್ತಿತ್ತು. ಈಗ ಅದಕ್ಕೆ ಬೆಂಕಿ ಹಾಕುವುದಿಲ್ಲ. ಬಾಗಿ ಒಳಗೆ ಇಣುಕಿದೆ. ಇಟ್ಟಿಗೆಯ ಮೇಲೆ ಕರಗಿ ಹರಿದ ಬೂದಿ ಗಾಜಿನಂತೆ ಗಟ್ಟಿಯಾಗಿ ಕುಳಿತಿತ್ತು. ಮುಚ್ಚುವ ಹೊತ್ತಾಗಿ ಬಾಗಿಲಿಗೆ ಬಂದಾಗ, ನಾನು ಒಳಮುಖವಾಗಿ ಬಿಟ್ಟಿದ್ದ ಪಾದರಕ್ಷೆಗಳನ್ನು ಯಾರೋ ಬೀದಿಯ ಕಡೆಗೆ ತಿರುಗಿಸಿಟ್ಟಿದ್ದರು.