ಗೇಟ್ ಮುಂದಿನ ಮಹಾಯುದ್ಧ: ಅನಿಮೆ ಸ್ಟೈಲಲ್ಲಿ ಒಂದು ಫೈಟ್ ಮಾಡಿದ ನನ್ನ ಅನುಭವ

ಅನಿಮೆ, ಅಂದ್ರೆ ಜಪಾನಿನ ಕಾರ್ಟೂನು, ಅದ್ರ ಫೈಟಲ್ಲಿ ನಿಜವಾದ ಹೊಡೆದಾಟ ಎಷ್ಟು ಸೆಕೆಂಡ್ ಇರತ್ತೆ ಅಂತ ಯಾರಾದ್ರೂ ಫೋನಲ್ಲಿ ಸ್ಟಾಪ್‌ವಾಚ್ ಹಾಕ್ಕೊಂಡು ನೋಡಿದೀರಾ? ನೋಡಿ ಒಂದ್ಸಲ. ಇಬ್ರೂ ದುರುಗುಟ್ಕೊಂಡು ನಿಂತಿರ್ತಾರೆ, ಗಾಳಿ ಬೀಸತ್ತೆ, ಒಬ್ಬ ಚಿಕ್ಕೋನಿದ್ದಾಗ ಊರು ಸುಟ್ಟೋಗಿದ್ದು ನೆನಪು ಮಾಡ್ಕೋತಾನೆ, ಇನ್ನೊಬ್ಬ ತನ್ನ ಶಕ್ತಿ ಹೇಗೆ ಕೆಲಸ ಮಾಡತ್ತೆ ಅಂತ ಶತ್ರುಗೇ ಪಾಠ ಮಾಡ್ತಾನೆ, ದೂರದಲ್ಲಿ ನಿಂತಿರೋ ಫ್ರೆಂಡು "ಅಸಾಧ್ಯ!" ಅಂತಾನೆ, ಆಮೇಲೆ ಇಬ್ರೂ ಕಿರುಚ್ತಾರೆ, ಎಪಿಸೋಡ್ ಮುಗೀತು.

ನಾನೂ ವರ್ಷಗಟ್ಲೆ ಇದನ್ನ ನೋಡಿ ನಗ್ತಾ ಇದ್ದೋನೇ. ಹೊಟ್ಟೆಪಾಡಿಗೆ ಅನಿಮೇಷನ್ ಮಾಡ್ತೀನಿ, ಆದ್ರೆ ಆಫೀಸಲ್ಲಿ ಮಾಡೋದು ಇನ್ಶೂರೆನ್ಸ್ ಫಾರ್ಮ್ ಹೇಗೆ ತುಂಬೋದು ಅಂತ ಬಾಣದ ಗುರುತು ತೋರ್ಸೋ ವಿಡಿಯೋಗಳು, ಅದ್ರಲ್ಲಿ ಯಾರೂ ಯಾರಿಗೂ ಹೊಡೆಯಲ್ಲ. ಅದಕ್ಕೆ ಒಂದು ಅಣಕು ಫೈಟ್ ನಾನೇ ಮಾಡೋಣ ಅಂತ ಕೂತೆ. ಕಥೆ ಸಿಂಪಲ್: ಬೆಂಗಳೂರಿನ ಒಂದು ಕ್ರಾಸು, ಲುಂಗಿ ಬನಿಯನ್ ಹಾಕಿರೋ ಅಂಕಲ್ಲು, ಅವರ ಗೇಟ್ ಮುಂದೆ ಕಾರ್ ನಿಲ್ಸಿರೋ ಎದುರುಮನೆ ಹುಡುಗ. ಒಂದೂವರೆ ನಿಮಿಷ. ಜಪಾನಿನ ಫೈಟ್ ಅನಿಮೆಯಲ್ಲಿರೋ ಎಲ್ಲಾ ಅತಿರೇಕನೂ ಅದ್ರಲ್ಲಿ ಇರ್ಬೇಕು ಅಂತ ಲಿಸ್ಟ್ ಮಾಡ್ಕೊಂಡು ಶುರು ಮಾಡ್ದೆ. ಸಾಫ್ಟ್‌ವೇರ್ ಓಪನ್‌ಟೂನ್ಝ್, ಫ್ರೀ ಸಿಗತ್ತೆ, ಜಪಾನಿನ ಘಿಬ್ಲಿ ಅನಿಮೇಷನ್ ಸ್ಟುಡಿಯೋದವ್ರು ಬಳಸ್ತಿದ್ದ ಟೂನ್ಝ್‌ನ 2016ರಲ್ಲಿ ಓಪನ್ ಸೋರ್ಸ್ ಮಾಡಿದ್ದು. ಜೊತೆಗೆ ಒಂದು ಹಳೇ ಪೆನ್ ಟ್ಯಾಬ್ಲೆಟ್.

ಮೊದ್ಲು ಲೆಕ್ಕ ಹೇಳ್ತೀನಿ, ಯಾಕಂದ್ರೆ ಎಲ್ಲಾ ಜೋಕೂ ಹುಟ್ಟೋದು ಈ ಲೆಕ್ಕದಿಂದ. ಸೆಕೆಂಡಿಗೆ 24 ಫ್ರೇಮು. ಜಪಾನಲ್ಲಿ ಸಾಮಾನ್ಯವಾಗಿ ಒಂದು ಚಿತ್ರನ ಮೂರು ಫ್ರೇಮ್ ಇಡ್ತಾರೆ, ಅಂದ್ರೆ ಸೆಕೆಂಡಿಗೆ 8 ಚಿತ್ರ. 1963ರಲ್ಲಿ ಒಸಾಮು ತೆಜುಕಾ ಅವರ ಮುಶಿ ಪ್ರೊಡಕ್ಷನ್ಸು ಆಸ್ಟ್ರೋ ಬಾಯ್ ಅಂತ ವಾರಕ್ಕೊಂದು ಅರ್ಧ ಗಂಟೆ ಟೀವಿಗೆ ಕೊಡೋಕೆ ಹೊರಟಾಗ ದುಡ್ಡೂ ಇರ್ಲಿಲ್ಲ ಟೈಮೂ ಇರ್ಲಿಲ್ಲ, ಅವಾಗ ಹಿಡಿದ ದಾರಿ ಇದು. ಚಿತ್ರ ಕಮ್ಮಿ ಬರಿ, ನಿಂತಿರೋ ಚಿತ್ರನ ಕ್ಯಾಮೆರಾ ಸರಿಸಿ ಓಡಿಸು, ಹಾರೋ ಸೀನು ಒಂದ್ಸಲ ಬರೆದಿಟ್ಕೊಂಡು ಮುಂದಿನ ವಾರನೂ ಅದನ್ನೇ ಹಾಕು. ಈ ಲೆಕ್ಕದಲ್ಲೂ ನನ್ನ ಒಂದೂವರೆ ನಿಮಿಷಕ್ಕೆ 720 ಚಿತ್ರ ಬೇಕು, ನಾನು ಒಬ್ನೇ, ಇರೋದು ಶನಿವಾರ ಭಾನುವಾರ, ಅದ್ರಲ್ಲೂ ಭಾನುವಾರ ಬೆಳಿಗ್ಗೆ ತರಕಾರಿ ತರೋ ಕೆಲಸ ಇರತ್ತೆ.

ಕಿರುಚಾಟದಿಂದ ಶುರು ಮಾಡ್ದೆ. ಹೀರೋ ಮುಷ್ಟಿ ಕಟ್ಕೊಂಡು, ಮಂಡಿ ಸ್ವಲ್ಪ ಬಗ್ಗಿಸಿ, ಆಆಆಆ ಅಂತಾನಲ್ಲ, ಸುತ್ತ ಬೆಂಕಿ ಥರ ಬೆಳಕು, ನೆಲದಿಂದ ಕಲ್ಲುಗಳು ಮೇಲಕ್ಕೇಳತ್ವೆ. ಬರಿಯೋಕೆ ಕೂತಾಗ ಗೊತ್ತಾಯ್ತು ಇದಕ್ಕಿಂತ ಸುಲಭದ ಸೀನ್ ಪ್ರಪಂಚದಲ್ಲೇ ಇಲ್ಲ. ಅಂಕಲ್ ದೇಹ ಒಂದೇ ಚಿತ್ರ. ಬೆಳಕಿಗೆ ನಾಲ್ಕು ಚಿತ್ರ, ತಿರುಗಿಸಿ ತಿರುಗಿಸಿ ಅದೇ. ಲುಂಗಿ ಪಟಪಟ ಅನ್ನೋಕೆ ಮೂರು. ಕಲ್ಲುಗಳು ಬೇರೆ ಲೇಯರಲ್ಲಿ, ಸುಮ್ನೆ ಮೇಲಕ್ಕೆ ಎಳೆದ್ರೆ ಆಯ್ತು. ಬಾಯಿಗೆ ಮುಚ್ಚಿದ್ದು, ಅರ್ಧ ತೆರೆದಿದ್ದು, ಪೂರ್ತಿ ತೆರೆದಿದ್ದು ಅಂತ ಮೂರು ಸಾಕು, ಜಪಾನಿನ ಟೀವಿ ಅನಿಮೆಯಲ್ಲಿ ಮಾತಿಗೂ ಹೆಚ್ಚಾಗಿ ಈ ಮೂರೇ ಬಾಯಿ. ಕಿರುಚಾಟಕ್ಕಂತೂ ಒಂದೇ ಬಾಯಿ. ಹತ್ತು ಹನ್ನೊಂದು ಚಿತ್ರದಲ್ಲಿ ಇಪ್ಪತ್ತು ಸೆಕೆಂಡ್ ಹೋಯ್ತು! ಬೇಕಂದ್ರೆ ಎರಡು ನಿಮಿಷನೂ ಎಳೀಬಹುದು, ಎಳೆದ್ರೆ ನೋಡೋರಿಗೆ "ಓಹೋ ಈತ ಭಯಂಕರ ಶಕ್ತಿವಂತ" ಅಂತ ಇನ್ನೂ ಜಾಸ್ತಿ ಅನ್ಸತ್ತೆ. ಕಷ್ಟ ಪೂರ್ತಿ ವಾಯ್ಸ್ ಕೊಡೋರ ಗಂಟಲಿಗೆ ಬಿಟ್ಟಿದ್ದು. ಡ್ರ್ಯಾಗನ್ ಬಾಲ್ ಅನ್ನೋ ಅನಿಮೆಯಲ್ಲಿ ಹೀರೋ ಗೊಕುಗೆ 1986ರಿಂದ ಕಿರುಚ್ಕೊಂಡು ಬಂದಿರೋರು ಮಸಾಕೊ ನೊಝಾವಾ ಅನ್ನೋ ಹೆಂಗಸು, ಆ ಗಂಟಲಿಗೆ ಕೈಮುಗೀಬೇಕು.

ಅದೇ ಡ್ರ್ಯಾಗನ್ ಬಾಲ್ ಕಥೆಯ ವಿಲನ್ ಫ್ರೀಝಾ "ಇನ್ನು ಐದೇ ನಿಮಿಷ, ಈ ಗ್ರಹ ಸಿಡಿದು ಹೋಗತ್ತೆ" ಅಂದಿದ್ದು ನೆನಪಿದ್ಯಾ? ಆ ಐದು ನಿಮಿಷ ಹತ್ತಿರ ಹತ್ತಿರ ಹತ್ತು ಎಪಿಸೋಡ್ ನಡೀತು. ನಾವು ಕಾರ್ಟೂನ್ ನೆಟ್‌ವರ್ಕಲ್ಲಿ ಸ್ಕೂಲ್ ಬ್ಯಾಗ್ ಬಿಸಾಕಿ ನೋಡ್ತಿದ್ವಿ, ದಿನಾ ಸಿಡಿಯತ್ತೆ ಅಂತ ಕಾಯೋದು, ಸಿಡೀತಾನೇ ಇರ್ಲಿಲ್ಲ. ಇದ್ರ ಮೂಲ ಕಾಮಿಕ್ಸ್ ವಾರಾವಾರ ಶೋನೆನ್ ಜಂಪ್ ಪತ್ರಿಕೆಯಲ್ಲಿ ಬರ್ತಾ ಇದ್ದಾಗ್ಲೇ ಟೋಯೆ ಸ್ಟುಡಿಯೋದವ್ರು ಟೀವಿಗೂ ಮಾಡ್ತಾ ಇದ್ರು. ಕಾಮಿಕ್ಸಿನ ಒಂದು ವಾರದ ಪುಟಗಳು ಟೀವಿಯಲ್ಲಿ ಕೆಲವೇ ನಿಮಿಷಕ್ಕೆ ಖಾಲಿ, ಮುಂದಿನ ಪುಟ ಇನ್ನೂ ಬರೆದೇ ಇಲ್ಲ, ಟೀವಿ ಸ್ಲಾಟ್ ಮಾತ್ರ ಬುಧವಾರ ಬಂತು ಅಂದ್ರೆ ಬಂತು. ಆಗ ಏನ್ ಮಾಡ್ತೀರ? ದುರುಗುಟ್ಟಿ ನೋಡ್ಕೊಂಡು ನಿಲ್ಸಿ. ಮೋಡ ತೋರ್ಸಿ. ಆಮೇಲೆ 2009ರಲ್ಲಿ ಕಾಯ್ ಅಂತ ಅದನ್ನೇ ಎಡಿಟ್ ಮಾಡಿ ಬಿಟ್ಟಾಗ ಈ ಜಗ್ಗಾಟ ತುಂಬಾ ಕಟ್ ಆಯ್ತು, ನೋಡೋಕೆ ಸಲೀಸಾಯ್ತು, ಆದ್ರೂ ನಂಗ್ಯಾಕೋ ಹಳೇದೇ ಇಷ್ಟ.

ಕೂದಲ ವಿಷಯ ಹೇಳ್ಲೇಬೇಕು. ಗೊಕು ಶಕ್ತಿ ಉಕ್ಕಿ ಸೂಪರ್ ಸೈಯನ್ ಅನ್ನೋ ರೂಪಕ್ಕೆ ಬದಲಾದಾಗ ಕೂದಲು ಬಂಗಾರದ ಬಣ್ಣಕ್ಕೆ ತಿರುಗೋದು ಯಾಕೆ ಅಂತ ಏನೇನೋ ಥಿಯರಿ ಓದಿದ್ದೆ, ಕಾಮಿಕ್ಸ್ ಬರೆದ ಅಕಿರಾ ತೊರಿಯಾಮಾ ಕೊಟ್ಟ ಕಾರಣಗಳಲ್ಲಿ ಒಂದು ಏನಂದ್ರೆ ಕಪ್ಪು ಬಿಳುಪು ಪುಟದಲ್ಲಿ ಆ ಕೂದಲನ್ನ ಖಾಲಿ ಬಿಟ್ರೆ ಸಾಕು, ಪ್ರತಿ ಚೌಕದಲ್ಲೂ ಇಂಕ್ ತುಂಬ್ತಾ ಕೂರೋ ಅಸಿಸ್ಟೆಂಟ್ ಕೆಲಸ ಉಳೀತು! ಇದನ್ನ ನಾನು ಹಾಗೇ ಎತ್ಕೊಂಡೆ. ನಮ್ಮ ಅಂಕಲ್ಲು ಕಿರುಚಿ ಕಿರುಚಿ ಪವರ್ ತುದಿ ಮುಟ್ಟಿದ ತಕ್ಷಣ ತಲೆಗೆ ಹಚ್ಚಿದ್ದ ಕಪ್ಪು ಡೈ ಪೂರ್ತಿ ಹಾರಿಹೋಗಿ ಬೆಳ್ಳಗಾಗ್ತಾರೆ, ಹುಡುಗ ಎರಡು ಹೆಜ್ಜೆ ಹಿಂದೆ ಸರೀತಾನೆ. ಅಲ್ಲಿಂದಾಚೆ ಅವರ ತಲೆಗೆ ನಾನು ಬಣ್ಣ ತುಂಬಿಲ್ಲ.

ಇನ್ನು ಏಟಿನ ಹೆಸರು ಕೂಗೋದು. ನಿಜವಾದ ಜಗಳದಲ್ಲಿ ಯಾರಾದ್ರೂ "ಈಗ ಬಲಗೈಯಿಂದ ಕಪಾಳಕ್ಕೆ ಹೊಡೀತೀನಿ" ಅಂತ ಹೇಳಿ ಹೊಡೀತಾರಾ? ಅನಿಮೆಯಲ್ಲಿ 1972ರ ಮಝಿಂಗರ್ ಝಡ್‌ನಲ್ಲಿ ರೋಬೋಟ್ ಓಡ್ಸೋ ಹುಡುಗ "ರಾಕೆಟ್ ಪಂಚ್" ಅಂತ ಕೂಗಿ ಅದ್ರ ಕೈ ಎಸೆದಾಗಿಂದ ಇದು ಹೋಗಿಲ್ಲ. ಇದ್ರಿಂದ ಲಾಭ ಏನು ಅಂತ ಎಡಿಟಿಂಗ್ ಮಾಡುವಾಗ ತಿಳೀತು, ಹೆಸರು ಕೂಗೋ ಆ ಮೂರ್ನಾಲ್ಕು ಸೆಕೆಂಡ್ ಮುಖದ ಕ್ಲೋಸಪ್ ಒಂದೇ, ಹಿಂದೆ ಬ್ಯಾಕ್‌ಗ್ರೌಂಡೇ ಇಲ್ಲ ಬರೀ ಓಡೋ ಗೆರೆಗಳು, ಮತ್ತೆ ಆ ಕ್ಲೋಸಪ್ಪನ್ನ ಎಷ್ಟು ಸಲ ಬೇಕಾದ್ರೂ ಹಾಕ್ಬಹುದು, ಯಾರೂ ಕಳ್ಳತನ ಅನ್ನಲ್ಲ, "ಬಂತು ಬಂತು ಅದೇ ಏಟು" ಅಂತ ಸೀಟಿ ಹೊಡೀತಾರೆ. ಅಂಕಲ್ ಏಟಿಗೆ ಹೆಸರು ಹುಡುಕ್ತಾ ಪಕ್ಕದ ಗಲ್ಲಿಗೆ ಹೋದ್ರೆ ಒಂದು ಗೇಟಿನ ಮೇಲೆ ರೆಡಿಯಾಗೇ ಇತ್ತು: "ಗೇಟ್ ಮುಂದೆ ವಾಹನ ನಿಲ್ಲಿಸಿದಲ್ಲಿ ಗಾಳಿ ತೆಗೆಯಲಾಗುವುದು!" ಇದನ್ನ ಎರಡು ಕೈ ಮುಂದೆ ಚಾಚಿ, ಒಂದೊಂದೇ ಪದ ಬಿಡಿಸಿ ಕೂಗ್ಸಿದೀನಿ. "ತೆಗೆಯ... ಲಾಗು... ವುದೂಊಊ" ಅನ್ನುವಾಗ ಅಂಗೈಯಿಂದ ನೀಲಿ ಬೆಳಕು.

ವಾಯ್ಸ್ ಕೊಟ್ಟಿದ್ದು ನನ್ನ ಫ್ರೆಂಡು. ರಜಾಯಿ ಹೊದ್ಕೊಂಡು ಒಳಗೆ ಫೋನ್ ಇಟ್ಕೊಂಡು ಕಿರುಚಿದ. ಓನರ್ ಆಂಟಿ ಮೇಲೆ ಬಂದು ಬಾಗಿಲು ತಟ್ಟಿ "ಏನಪ್ಪಾ, ಯಾರ್ದೋ ಗಾಡಿ ಗಾಳಿ ತೆಗೀತಿದೀರಂತೆ?" ಅಂದ್ರು. ಆ ಆಡಿಯೋನೂ ಇಟ್ಕೊಂಡಿದೀನಿ.

ನಿಂತುಬಿಡೋ ಸೀನುಗಳ ಬಗ್ಗೆ ನಂಗೆ ನಿಜವಾದ ಗೌರವ ಬಂದಿದ್ದು ಮಾಡುವಾಗ್ಲೇ. ಇಬ್ಬರು ಕತ್ತಿ ಹಿಡ್ಕೊಂಡು ಎದುರುಬದುರು ಓಡಿ ಬರ್ತಾರೆ, ಒಂದು ಬಿಳಿ ಗೆರೆ ಮಿಂಚತ್ತೆ, ಬೆನ್ನಿಗೆ ಬೆನ್ನು ಮಾಡ್ಕೊಂಡು ನಿಂತಿರ್ತಾರೆ, ಸದ್ದಿಲ್ಲ, ಆಮೇಲೆ ಒಬ್ಬ ಬೀಳ್ತಾನೆ. ಏಟು ಬಿದ್ದ ಚಿತ್ರ ಎಲ್ಲಿ? ಇಲ್ವೇ ಇಲ್ಲ! ಜಪಾನಿನ ಸಮುರಾಯ್ ಸಿನಿಮಾಗಳಲ್ಲೂ ಇದು ಇದೆ, ಅದಕ್ಕೂ ಮುಂಚೆ ಕಬುಕಿ ನಾಟಕದಲ್ಲಿ 'ಮಿಯೆ' ಅಂತ ಮಾಡ್ತಾರೆ, ಜಗಳ ಜೋರಾದ ಕಡೆ ನಟ ಕಣ್ಣು ಅಗಲಿಸಿ ಗಕ್ಕನೆ ಕಲ್ಲಿನ ಥರ ನಿಂತ್ಬಿಡ್ತಾನೆ, ರಂಗದ ಪಕ್ಕ ಕೂತೋನು ಎರಡು ಮರದ ತುಂಡಲ್ಲಿ ಹಲಗೆಗೆ ಟಕ್ ಟಕ್ ಅಂತ ಬಡೀತಾನೆ. ಇತ್ತ ಅನಿಮೆಯಲ್ಲಿ ಒಸಾಮು ದೆಝಾಕಿ ಅನ್ನೋ ನಿರ್ದೇಶಕರು, 1970ರ ಬಾಕ್ಸಿಂಗ್ ಸೀರಿಯಲ್ಲು ಅಶಿತಾ ನೋ ಜೋ ಮಾಡಿದೋರು, ಒಂದೇ ಶಾಟನ್ನ ಟಪ್ ಟಪ್ ಟಪ್ ಅಂತ ಮೂರು ಸಲ ತೋರ್ಸೋದು, ಕೊನೆಗೆ ದೃಶ್ಯ ನಿಂತು ಬಣ್ಣ ಹಚ್ಚಿದ ಪೇಂಟಿಂಗ್ ಆಗ್ಬಿಡೋದು, ಇವನ್ನೆಲ್ಲ ಜನಪ್ರಿಯ ಮಾಡಿದ್ರು. ಒಂದು ಚೆನ್ನಾಗಿರೋ ಪೇಂಟಿಂಗು ನಲವತ್ತು ಸುಮಾರಾದ ಚಿತ್ರಗಳ ಕೆಲಸ ಮಾಡತ್ತೆ.

ನನ್ನ ಹತ್ರ ಮರದ ತುಂಡು ಇರ್ಲಿಲ್ಲ. ಕುಂದಾಪುರದಲ್ಲಿರೋ ನಮ್ಮ ಚಿಕ್ಕಪ್ಪನ ಮಗ ಯಕ್ಷಗಾನ ಮೇಳದಲ್ಲಿ ಚೆಂಡೆ ಬಾರಿಸ್ತಾನೆ, ಅವನಿಗೆ ವಿಡಿಯೋ ಕಳಿಸಿ "ಮಾರಾಯಾ, ಇಬ್ರೂ ನಿಂತ ಕೂಡ್ಲೇ ಏನಾದ್ರೂ ಬಾರಿಸಿ ಕಳ್ಸು" ಅಂದೆ. ಅವನು ಏನೂ ಕೇಳ್ದೆ ವಾಟ್ಸಾಪಲ್ಲಿ ಆಡಿಯೋ ಹಾಕ್ದ, ಸರಿಯಾಗಿ ಕೂತ್ಕೊಳ್ತು. ಯುದ್ಧಕ್ಕೆ ಮುಂಚೆ ಅರ್ಧ ಗಂಟೆ ಮಾತಾಡೋದು ಯಕ್ಷಗಾನದವ್ರಿಗೆ ಹೊಸದೇನಲ್ವಲ್ಲ.

ಈಗ ಒಂದು ಕಪಾಳಮೋಕ್ಷ ಹೇಗೆ ಮಾಡ್ದೆ ಅಂತ ಬಿಡಿಸಿ ಹೇಳ್ತೀನಿ, ಮಾಡೋರಿಗೆ ಉಪಯೋಗ ಆಗತ್ತೆ. ಮೊದ್ಲು ಕೈ ಹಿಂದಕ್ಕೆ ಎಳ್ಕೊಳ್ಳೋದು ಮೂರು ಚಿತ್ರ, ನಿಧಾನಕ್ಕೆ, ಒಂದೊಂದು ಮೂರು ಫ್ರೇಮು. ಆಮೇಲೆ ಕೈ ಹೊರಡೋದು ಒಂದೇ ಚಿತ್ರ, ಒಂದೇ ಫ್ರೇಮು, ಅದ್ರಲ್ಲಿ ಕೈ ಇರಲ್ಲ, ಭುಜದಿಂದ ಕೆನ್ನೆವರೆಗೂ ಎಳೆದ ಬಣ್ಣದ ಪಟ್ಟಿ ಇರತ್ತೆ ಅಷ್ಟೆ. ಕೆನ್ನೆಗೆ ಕೈ ತಾಗೋ ಚಿತ್ರ ಬರೀಲೇಬೇಡಿ! ನಾನು ಬರೆದು ನೋಡ್ದೆ, ಏಟು ಮೆತ್ತಗಾಯ್ತು, ಮುದ್ದು ಮಾಡ್ದಂಗೆ ಕಾಣ್ತು. ಅದ್ರ ಬದ್ಲು ಎರಡು ಫ್ರೇಮ್ ಪೂರ್ತಿ ಕಪ್ಪು ಬಿಳುಪು, ಹಿಂದೆ ಕಪ್ಪು, ಹುಡುಗನ ಮುಖ ಬರೀ ಬಿಳಿ ಗೀಚು, ಇದಕ್ಕೇ ಇಂಪ್ಯಾಕ್ಟ್ ಫ್ರೇಮ್ ಅನ್ನೋದು. ತಕ್ಷಣ ಮುಖ ಪಕ್ಕಕ್ಕೆ ತಿರುಚಿರೋ ಒಂದು ಚಿತ್ರ, ದವಡೆ ಬೇಕಾದಷ್ಟು ಉದ್ದ ಎಳೀರಿ, ಅದನ್ನ ಇಪ್ಪತ್ತು ಫ್ರೇಮ್ ಹಿಡಿದು ಕ್ಯಾಮೆರಾ ಅಲ್ಲಾಡಿಸಿ. 2010ರಲ್ಲಿ ನರುಟೊ ಅನ್ನೋ ಅನಿಮೆಯಲ್ಲಿ ಹೀರೋ ನರುಟೊಗೂ ವಿಲನ್ ಪೇಯ್ನ್‌ಗೂ ಫೈಟ್ ಬಂದಾಗ ಜನ ಮಧ್ಯ ಮಧ್ಯ ಪಾಝ್ ಮಾಡಿ, ಸೊಟ್ಟ ಮುಖಗಳ ಸ್ಕ್ರೀನ್‌ಶಾಟ್ ತೆಗೆದು ಬೈದಿದ್ದೇ ಬೈದಿದ್ದು. ಪಾಝ್ ಮಾಡಿದ್ರೆ ಸೊಟ್ಟನೇ ಕಾಣೋದು, ಓಡಿಸಿ ನೋಡಿ ಸ್ವಾಮಿ.

ಇಂಪ್ಯಾಕ್ಟ್ ಫ್ರೇಮ್ ಸಾಲಾಗಿ ಹಾಕಿ ಮಿಣಿಮಿಣಿ ಮಾತ್ರ ಮಾಡ್ಬೇಡಿ, ಇದು ತಮಾಷೆ ಅಲ್ಲ. 1997ರ ಡಿಸೆಂಬರಲ್ಲಿ ಪೋಕೆಮಾನ್‌ನ ಒಂದು ಎಪಿಸೋಡಲ್ಲಿ ಕೆಂಪು ನೀಲಿ ಬೆಳಕು ವೇಗವಾಗಿ ಮಿನುಗಿ ಜಪಾನಲ್ಲಿ 600ಕ್ಕೂ ಹೆಚ್ಚು ಜನರನ್ನ, ಹೆಚ್ಚಿನೋರು ಮಕ್ಕಳು, ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕಾಯ್ತು. ಆಮೇಲೆ ಅಲ್ಲಿ ಟೀವಿಗೆ ರೂಲ್ಸ್ ಬಂತು, ಅದಕ್ಕೇ ಟೀವಿಯಲ್ಲಿ ಬರೋ ಫೈಟಲ್ಲಿ ಫ್ಲ್ಯಾಶ್ ಬಂದಾಗ ಸ್ಕ್ರೀನ್ ಡಲ್ ಆಗೋದು.

ಹೀಗೆ ಉಳಿಸಿದ ಚಿತ್ರಗಳನ್ನ ಎಲ್ಲಾದ್ರೂ ಖರ್ಚು ಮಾಡ್ಬೇಕಲ್ಲ, ಅಲ್ಲೇ ಇರೋದು ಮಜಾ. ಇಚಿರೊ ಇತಾನೊ ಅನ್ನೋ ಅನಿಮೇಟರು 1982ರ ಮ್ಯಾಕ್ರಾಸ್ ಸೀರಿಯಲ್ಲಲ್ಲಿ ಹತ್ತಾರು ಮಿಸೈಲು ಹೊಗೆ ಬಿಟ್ಕೊಂಡು ಒಂದೊಂದು ಒಂದೊಂದು ದಿಕ್ಕಿಗೆ ಸುತ್ಕೊಂಡು ಹೋಗೋ ಹಾಗೆ ಮಾಡಿದ್ರು, ಅದಕ್ಕೆ ಇತಾನೊ ಸರ್ಕಸ್ ಅಂತಾನೇ ಹೆಸರು, ಚಿಕ್ಕ ವಯಸ್ಸಲ್ಲಿ ಬೈಕಿಗೆ ರಾಕೆಟ್ ಪಟಾಕಿ ಕಟ್ಟಿ ಹಚ್ಚಿಕೊಂಡು ಓಡಿಸಿದ್ದು ಇದಕ್ಕೆ ಮೂಲ ಅಂತ ಅವರೇ ಹೇಳ್ಕೊಂಡಿದಾರೆ. ಯುತಾಕಾ ನಕಮುರಾ ಅಂತ ಇನ್ನೊಬ್ರು, ಅವರು ಏನೇ ಒಡೆದ್ರೂ ಚೂರುಗಳು ಚೌಕ ಚೌಕ ಡಬ್ಬಿಗಳಾಗಿ ಹಾರತ್ವೆ, ಅಭಿಮಾನಿಗಳು ಆ ಡಬ್ಬಿ ನೋಡೇ ಯಾರ ಕೈಕೆಲಸ ಅಂತ ಹೇಳ್ತಾರೆ. ನಾನು ಕಾಂಪೌಂಡ್ ಗೋಡೆ ಒಡೆಯೋ ಸೀನಿಗೆ ಅದನ್ನೇ ಹಿಡಿದೆ, ಉಳಿದಿದ್ದ ಶಕ್ತಿ ಎಲ್ಲಾ ಅಲ್ಲೇ ಸುರಿದಿದೀನಿ. ಇಟ್ಟಿಗೆ ಹೇಗಿದ್ರೂ ಚೌಕನೇ ಅನ್ನೋದು ನನ್ನ ಅದೃಷ್ಟ. ಎರಡೂವರೆ ಸೆಕೆಂಡು, ಆದ್ರೆ ಇಡೀ ವಿಡಿಯೋದಲ್ಲಿ ಅಷ್ಟೇ ಜನ ಮತ್ತೆ ಮತ್ತೆ ಹಿಂದಕ್ಕೆ ಎಳೆದು ನೋಡೋದು.

ಗೋಡೆ ಬಿದ್ದಮೇಲೆ ಧೂಳು. ಧೂಳಲ್ಲಿ ಹುಡುಗ ಸತ್ತ ಅಂತ ಅಂಕಲ್ ಬೆನ್ನು ತಿರುಗಿಸಿ ನಗ್ತಾರೆ, ಧೂಳು ಸರಿದಾಗ ಹುಡುಗ ಹಾಗೇ ನಿಂತಿದಾನೆ, ಶರ್ಟ್ ಮಾತ್ರ ಹರಿದಿದೆ. ಪ್ಯಾಂಟ್ ಹರಿಯಲ್ಲ, ಯಾವ ಅನಿಮೆಯಲ್ಲೂ ಹೀರೋ ಪ್ಯಾಂಟ್ ಸರಿಯಾಗಿ ಹರಿದಿದ್ದು ನಾನು ನೋಡಿಲ್ಲ. ಬಾಲ್ಕನಿಯಲ್ಲಿ ಒಬ್ಬರು ಆಂಟಿ ಮಾವಿನಕಾಯಿ ಒಣಗಿಸ್ತಾ ಇಡೀ ಫೈಟಿಗೆ ಕಾಮೆಂಟರಿ ಕೊಡ್ತಾರೆ: "ಇದು... ಇದು 1994ರಲ್ಲಿ ಹಾಲಿನವನ ಮೇಲೆ ಬಳಸಿದ ಅದೇ ವಿದ್ಯೆ!" ಅವರಿಗೆ ಒಂದು ಚಿತ್ರ, ಒಂದು ಬೆವರ ಹನಿ.

ಮುಗಿಸಿ ಮೊದ್ಲು ಅಕ್ಕನ ಮಗನಿಗೆ ತೋರ್ಸಿದೆ, ಮೂರನೇ ಕ್ಲಾಸು. ನಕ್ಕ, ಗೋಡೆ ಎರಡು ಸಲ ಹಾಕಿಸ್ಕೊಂಡು ನೋಡ್ದ, ಆಮೇಲೆ ಹುಬ್ಬು ಗಂಟಿಕ್ಕಿ "ಮಾಮಾ, ಅಂಕಲ್ ಅಷ್ಟೊತ್ತು ಕಿರುಚ್ತಾ ಇದ್ರಲ್ಲ, ಆವಾಗ್ಲೇ ಅವನು ಯಾಕೆ ಹೊಡೀಲಿಲ್ಲ?" ಅಂದ.

"ಹೊಡೆದ್ರೆ ಮಾಮ ಇನ್ನೂ ನೂರು ಚಿತ್ರ ಬರೀಬೇಕಲ್ಲ ಕಂದಾ."

ಸ್ವಲ್ಪ ಯೋಚನೆ ಮಾಡ್ದ. "ಹೋಗ್ಲಿ, ಕಾರಾದ್ರೂ ತೆಗೀಬಹುದಿತ್ತಲ್ಲ?"