ಚಿಕ್ಕ ಬೋರ್ಡಿನಲ್ಲಿ ಎಐ ಓಡಿಸುವುದು: ಟಾಪ್ಸ್ ಆಮೇಲೆ, ಮೊದಲು ಮೆಮೊರಿ ಮತ್ತು ವ್ಯಾಟ್

ಎಐ ಓಡಿಸೋಕೆ ಯಾವ ಚಿಕ್ಕ ಬೋರ್ಡ್ (ಅಂಗೈ ಅಗಲದ ಕಂಪ್ಯೂಟರ್) ತಗೊಳ್ಳಲಿ ಅಂತ ಕೇಳಿದರೆ ಹೆಚ್ಚಿನವರು ಟಾಪ್ಸ್ ಸಂಖ್ಯೆ ತೋರಿಸುತ್ತಾರೆ. ಸೆಕೆಂಡಿಗೆ ಎಷ್ಟು ಲಕ್ಷ ಕೋಟಿ ಲೆಕ್ಕ ಮಾಡಬಲ್ಲದು ಅನ್ನುವ ಅಳತೆ ಅದು. ಆ ಸಂಖ್ಯೆಯನ್ನು ಕೊನೆಗೆ ನೋಡಿ. ಎನ್ವಿಡಿಯಾ ಕಂಪನಿಯ ಜೆಟ್ಸನ್ ಒರಿನ್ ನ್ಯಾನೋ ಸೂಪರ್ ಕಿಟ್‌ಗೆ 67 ಟಾಪ್ಸ್ ಎಂದು ಬರೆದಿರುತ್ತದೆ. ಆದರೆ ಅದು ಸ್ಪಾರ್ಸ್ ಲೆಕ್ಕ, ಅಂದರೆ ಮಾಡೆಲ್ (ತರಬೇತಿ ಪಡೆದ ಎಐ ಪ್ರೋಗ್ರಾಮ್) ಒಳಗಿನ ವೇಯ್ಟ್ ಎಂಬ ಸಂಖ್ಯೆಗಳಲ್ಲಿ ಅರ್ಧದಷ್ಟು ಸೊನ್ನೆಯಾಗಿದ್ದಾಗ ಸಿಗುವುದು. ಮಾಮೂಲಿ ಮಾಡೆಲ್‌ಗೆ ಅದರ ಅರ್ಧ ಅಂತ ಇಟ್ಟುಕೊಳ್ಳಿ.

ಮೊದಲು ನಿಮ್ಮ ಕೆಲಸವನ್ನು ಒಂದೇ ಸಾಲಿನಲ್ಲಿ ಬರೆಯಿರಿ. ಉದಾಹರಣೆಗೆ, "ಗೇಟಿನ ಮುಂದೆ ಮನುಷ್ಯ ಬಂದರೆ ಎರಡು ಸೆಕೆಂಡಿನೊಳಗೆ ತಿಳಿಸಬೇಕು." ಇಷ್ಟು ಬರೆದರೆ ಅರ್ಧ ಉತ್ತರ ಸಿಕ್ಕಿತು. ನಡೆದು ಬರುವ ಮನುಷ್ಯನಿಗೆ ಸೆಕೆಂಡಿಗೆ 30 ಫ್ರೇಮ್ ಯಾಕೆ ಬೇಕು? ಐದು ಸಾಕು. ಚಿತ್ರವನ್ನು 640 ಪಿಕ್ಸೆಲ್ ಬದಲು 320ಕ್ಕೆ ಇಳಿಸಿದರೆ ಕೆಲಸ ಸುಮಾರು ಕಾಲು ಭಾಗಕ್ಕೆ ಬರುತ್ತದೆ, ಆದರೆ ದೂರದಲ್ಲಿರುವವರು ತೀರಾ ಚಿಕ್ಕದಾಗಿ ಮಾಡೆಲ್‌ಗೆ ಕಾಣದೇ ಹೋಗಬಹುದು. ಇದನ್ನು ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಪರೀಕ್ಷೆ ಮಾಡಬಹುದು, ಬೋರ್ಡ್ ಬೇಕಾಗಿಲ್ಲ.

ಆಮೇಲೆ ಮೆಮೊರಿ. ಲೆಕ್ಕ ಸುಲಭ. 100 ಕೋಟಿ ಪ್ಯಾರಾಮೀಟರ್ (ಹೆಚ್ಚುಕಡಿಮೆ ಆ ವೇಯ್ಟ್‌ಗಳೇ) ಇರುವ ಮಾಡೆಲ್‌ಗೆ ಒಂದೊಂದು ಸಂಖ್ಯೆಯನ್ನು 16 ಬಿಟ್‌ನಲ್ಲಿ ಇಟ್ಟರೆ 2 ಜಿಬಿ ಬೇಕು, 8 ಬಿಟ್‌ನಲ್ಲಿ 1 ಜಿಬಿ, 4 ಬಿಟ್‌ನಲ್ಲಿ ಸುಮಾರು ಅರ್ಧ ಜಿಬಿ. ಅದರ ಮೇಲೆ ಆಪರೇಟಿಂಗ್ ಸಿಸ್ಟಮ್, ಕ್ಯಾಮೆರಾ ಬಫರ್ ಎಲ್ಲಾ ಸೇರುತ್ತವೆ. ಚಾಟ್ ಮಾಡುವ ಭಾಷಾ ಮಾಡೆಲ್ ಓಡಿಸುವವರು ಇಲ್ಲೇ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಅವು ಪ್ರತಿ ಟೋಕನ್‌ಗೂ (ಒಂದು ಪದ ಅಥವಾ ಪದದ ತುಂಡು) ಹೆಚ್ಚುಕಡಿಮೆ ಇಡೀ ಮಾಡೆಲನ್ನು ಮೆಮೊರಿಯಿಂದ ಒಂದು ಸಲ ಓದುತ್ತವೆ. ಹಾಗಾಗಿ ವೇಗದ ಮಿತಿ ಮೆಮೊರಿಯ ಬ್ಯಾಂಡ್‌ವಿಡ್ತ್, ಅಂದರೆ ಸೆಕೆಂಡಿಗೆ ಎಷ್ಟು ಓದಬಲ್ಲದು ಅನ್ನುವುದು, ಟಾಪ್ಸ್ ಅಲ್ಲ. ರಾಸ್ಪ್‌ಬೆರಿ ಪೈ 5 ಎಂಬ ಬೋರ್ಡಿನಲ್ಲಿ ಅದು ಸೆಕೆಂಡಿಗೆ ಸುಮಾರು 17 ಜಿಬಿ, ಒರಿನ್ ನ್ಯಾನೋ ಸೂಪರ್‌ನಲ್ಲಿ 102 ಜಿಬಿ. 4 ಜಿಬಿ ಮಾಡೆಲ್ ಇದ್ದರೆ ಪೈನಲ್ಲಿ ಸೆಕೆಂಡಿಗೆ ನಾಲ್ಕು ಟೋಕನ್ ದಾಟುವುದು ಕಷ್ಟ, ಏನೇ ಮಾಡಿದರೂ. ಪೈನಲ್ಲಿ ಮಾತಾಡಿಸಬೇಕು ಅಂದರೆ 100 ಕೋಟಿ ಆಸುಪಾಸಿನ ಮಾಡೆಲ್ ಹಿಡಿಯಿರಿ.

ಈಗ ಬೋರ್ಡ್ ಆರಿಸಬಹುದು. ಒಂದು ಪದ ಗುರುತಿಸುವುದು, ಮೋಟರಿನ ನಡುಕದಲ್ಲಿ ವ್ಯತ್ಯಾಸ ಹಿಡಿಯುವುದು, 96 ಪಿಕ್ಸೆಲ್‌ನ ಚಿಕ್ಕ ಚಿತ್ರದಲ್ಲಿ ಮನುಷ್ಯ ಇದ್ದಾನಾ ಇಲ್ಲವಾ ಅಂತ ನೋಡುವುದು, ಇಷ್ಟಕ್ಕೆ ಇಎಸ್‌ಪಿ32-ಎಸ್3 ತರಹದ ಮೈಕ್ರೋಕಂಟ್ರೋಲರ್, ಅಂದರೆ ಲಿನಕ್ಸ್ ಇಲ್ಲದೆ ಒಂದೇ ಪ್ರೋಗ್ರಾಮ್ ಓಡಿಸುವ ಪುಟ್ಟ ಚಿಪ್, ಸಾಕು. ಅದರೊಳಗಿನ ರ‍್ಯಾಮ್ ಬರೀ 512 ಕೆಬಿ, ಆದರೂ ಈ ಕೆಲಸ ಮಾಡುತ್ತದೆ. ಸುಮ್ನೆ ಲಿನಕ್ಸ್ ಬೋರ್ಡ್ ಹೊರಬೇಡಿ. ಜನ, ವಾಹನ ಎಣಿಸಬೇಕು ಅಂದರೆ ಪೈ 5, ವೇಗ ಸಾಲದಿದ್ದರೆ ಅದಕ್ಕೆ ಹೈಲೋ ಕಂಪನಿಯ ಎಐ ಚಿಪ್ ಇರುವ, ಪೈ ಮೇಲೆ ಕೂರಿಸುವ ಎಐ ಹ್ಯಾಟ್ ಪ್ಲಸ್ ಬೋರ್ಡ್. ಹಲವು ಕ್ಯಾಮೆರಾ ಅಥವಾ ಭಾಷಾ ಮಾಡೆಲ್ ಇದ್ದರೆ ಒರಿನ್ ನ್ಯಾನೋ. 2019ರ ಹಳೆಯ ಜೆಟ್ಸನ್ ನ್ಯಾನೋ ಯಾರಾದರೂ ಕೊಟ್ಟರೂ ಹೊಸ ಕೆಲಸಕ್ಕೆ ಬೇಡ, ಅದರ ಸಾಫ್ಟ್‌ವೇರ್ ಜೆಟ್‌ಪ್ಯಾಕ್ 4ಕ್ಕೇ ನಿಂತುಹೋಗಿದೆ.

ತಗೊಳ್ಳುವ ಮುಂಚೆ ಇನ್ನೊಂದು ಕೆಲಸ ಮಾಡಿ. ಇದನ್ನು ಬಹಳ ಜನ ಮಾಡುವುದಿಲ್ಲ. ಆ ಚಿಪ್‌ನ ಕಂಪೈಲರ್ (ಮಾಡೆಲನ್ನು ಆ ಚಿಪ್‌ಗೆ ಅರ್ಥವಾಗುವ ರೂಪಕ್ಕೆ ತರುವ ಪ್ರೋಗ್ರಾಮ್) ಹಾಕಿಕೊಂಡು ನಿಮ್ಮ ಮಾಡೆಲನ್ನು ಕಂಪೈಲ್ ಮಾಡಿ ನೋಡಿ. ಹೈಲೋದು, ಗೂಗಲ್‌ನ ಎಐ ಚಿಪ್ ಕೋರಲ್‌ದು ಎರಡೂ ಮಾಮೂಲಿ ಕಂಪ್ಯೂಟರಿನಲ್ಲೇ ಓಡುತ್ತವೆ. ಕೋರಲ್‌ನ ಕಂಪೈಲರ್ ತನಗೆ ಬಾರದ ಒಂದು ಆಪರೇಷನ್ ಸಿಕ್ಕಿದರೆ ಅಲ್ಲಿಂದ ಮುಂದಿನದ್ದನ್ನೆಲ್ಲ ಬೋರ್ಡಿನ ಮಾಮೂಲಿ ಸಿಪಿಯು ಮೇಲೆ ಹಾಕಿಬಿಡುತ್ತದೆ. 4 ಟಾಪ್ಸ್ ಇದ್ದರೂ ಆಗ ಏನು ಉಪಯೋಗ, ಅಲ್ವಾ? ಜೆಟ್ಸನ್‌ನಲ್ಲಿ ಈ ಕೆಲಸ ಮಾಡುವ ಟೆನ್ಸರ್‌ಆರ್‌ಟಿ ಮಾತ್ರ ಬೇರೆ. ಅದು ಕೊಡುವ ಎಂಜಿನ್ ಫೈಲನ್ನು, ಅಂದರೆ ಕಂಪೈಲ್ ಆದ ಮಾಡೆಲನ್ನು, ಯಾವ ಬೋರ್ಡಿನಲ್ಲಿ ಓಡಿಸುತ್ತೀರೋ ಅದರಲ್ಲೇ ತಯಾರು ಮಾಡಿಕೊಳ್ಳಿ.

ಮಾಡೆಲನ್ನು 8 ಬಿಟ್‌ಗೆ ಇಳಿಸುವುದಕ್ಕೆ ಕ್ವಾಂಟೈಸೇಷನ್ ಎನ್ನುತ್ತಾರೆ. ಅದಕ್ಕೆ ಕೆಲವು ನೂರು ಮಾದರಿ ಚಿತ್ರ ಕೊಡಬೇಕು. ಅವುಗಳನ್ನು ನೋಡಿ ಪ್ರತಿ ಪದರದ ಸಂಖ್ಯೆಗಳು ಎಲ್ಲಿಂದ ಎಲ್ಲಿವರೆಗೆ ಹೋಗುತ್ತವೆ ಅಂತ ಇಳಿಸುವ ಪ್ರೋಗ್ರಾಮ್ ತಿಳಿದುಕೊಳ್ಳುತ್ತದೆ. ನಾನು ಮೊದಲ ಸಲ ಹಗಲಿನ ಚಿತ್ರಗಳನ್ನಷ್ಟೇ ಕೊಟ್ಟಿದ್ದೆ. ಹಗಲೆಲ್ಲಾ ಸರಿಯಾಗಿ ಓಡಿತು, ರಾತ್ರಿ ಇನ್‌ಫ್ರಾರೆಡ್ ಬೆಳಕಿನ ಬೂದು ಚಿತ್ರ ಬಂದ ಕೂಡಲೇ ಮನುಷ್ಯರನ್ನೇ ಬಿಟ್ಟುಬಿಡುತ್ತಿತ್ತು. ಎರಡು ದಿನ ಕ್ಯಾಮೆರಾ ಕೆಟ್ಟಿದೆ ಅಂತ ಹುಡುಕಿದೆ. ರಾತ್ರಿಯ, ಮಳೆಯ, ಮಂಜಿನ ಚಿತ್ರಗಳನ್ನೂ ಸೇರಿಸಿ ಮತ್ತೆ ಇಳಿಸಿದ ಮೇಲೆ ಸರಿಹೋಯಿತು. ಆ ಚಿತ್ರಗಳು ನಿಮ್ಮ ಕ್ಯಾಮೆರಾದವೇ ಆಗಿರಲಿ, ಇಂಟರ್ನೆಟ್‌ನಿಂದ ತಂದವು ಬೇಡ.

ವಿದ್ಯುತ್ ವಿಷಯದಲ್ಲಿ ಉಳಿತಾಯ ಮಾಡಬೇಡಿ. ಪೈ 5ಕ್ಕೆ 5 ವೋಲ್ಟ್ 5 ಆಂಪಿಯರ್ ಅಡಾಪ್ಟರ್ ಬೇಕು. 3 ಆಂಪಿಯರಿನದು ಹಾಕಿದರೆ ಬೋರ್ಡ್ ಆನ್ ಆಗುತ್ತದೆ, ಆದರೆ ಯುಎಸ್‌ಬಿ ಪೋರ್ಟ್‌ಗಳಿಗೆಲ್ಲ ಸೇರಿ ಬರೀ 600 ಮಿಲಿಆಂಪಿಯರ್ ಕೊಡುತ್ತದೆ. ಯುಎಸ್‌ಬಿ ಕ್ಯಾಮೆರಾ ಆಗಾಗ ಕಾಣೆಯಾಗುತ್ತಿದ್ದರೆ ಮೊದಲು ಇದನ್ನೇ ನೋಡಿ. ಬಿಸಿಯೂ ಹಾಗೇ. 80 ಡಿಗ್ರಿ ದಾಟಿದರೆ ಪೈ ತಾನಾಗಿಯೇ ನಿಧಾನವಾಗುತ್ತದೆ, ಹಾಗಾಗಿ ಫ್ಯಾನ್ ಅಥವಾ ದೊಡ್ಡ ಹೀಟ್‌ಸಿಂಕ್ ಇರಲಿ.

ಬ್ಯಾಟರಿ ಮೇಲೆ ಓಡಿಸಬೇಕಾದರೆ ಇನ್ನೊಂದು ಲೆಕ್ಕ. 5 ವ್ಯಾಟ್ ಬೋರ್ಡ್ ದಿನಕ್ಕೆ 120 ವ್ಯಾಟ್ ಅವರ್ ತಿನ್ನುತ್ತದೆ. 10,000 ಎಂಎಎಚ್ ಪವರ್ ಬ್ಯಾಂಕಿನಲ್ಲಿ ಇರುವುದು 37 ವ್ಯಾಟ್ ಅವರ್, ನಷ್ಟ ಕಳೆದು ಸುಮಾರು 30 ಸಿಕ್ಕಿದರೆ ಆರು ಗಂಟೆ ಬಂತು. ಹಾಗಾಗಿ ಸದಾ ಎಚ್ಚರ ಇರುವ ಕೆಲಸವನ್ನು ಪಿಐಆರ್ ಸೆನ್ಸರ್ (ಮೈ ಬಿಸಿಯಿಂದ ಅಲುಗಾಟ ಗುರುತಿಸುವುದು) ಮತ್ತು ಮೈಕ್ರೋಕಂಟ್ರೋಲರ್‌ಗೆ ಕೊಡಿ, ಅಲುಗಾಟ ಕಂಡಾಗ ಮಾತ್ರ ದೊಡ್ಡ ಬೋರ್ಡ್ ಆನ್ ಆಗಲಿ. ಇದರಲ್ಲಿ ಒಂದು ತೊಡಕು ಇದೆ. ಲಿನಕ್ಸ್ ಏಳುವಷ್ಟರಲ್ಲಿ ಗೇಟಿನ ಮುಂದೆ ಬಂದವರು ಹೋಗಿರುತ್ತಾರೆ, ಹಾಗಾಗಿ ಮೊದಲ ಚಿತ್ರವನ್ನು ಮೈಕ್ರೋಕಂಟ್ರೋಲರ್ರೇ ತೆಗೆದು ಇಟ್ಟುಕೊಳ್ಳುವಂತೆ ಮಾಡಿ.

ಕೊನೆಗೆ ಅಳೆಯುವುದು. ಮೊದಲ ಒಂದು ನಿಮಿಷದ ವೇಗ ನಂಬಬೇಡಿ. ಬೋರ್ಡನ್ನು ಅದು ಕೂರುವ ಡಬ್ಬಿಯಲ್ಲೇ ಇಟ್ಟು, ಮುಚ್ಚಳ ಹಾಕಿ, ಅರ್ಧ ಗಂಟೆ ಪೂರ್ತಿ ಕೆಲಸ ಕೊಟ್ಟು ಆಮೇಲೆ ಫ್ರೇಮ್ ಎಣಿಸಿ. ಜೆಟ್ಸನ್‌ನಲ್ಲಿ ಟೆಗ್ರಾಸ್ಟಾಟ್ಸ್ ಎಂಬ ಕಮಾಂಡ್ ತೆರೆದಿಟ್ಟರೆ ಬಿಸಿ, ಮೆಮೊರಿ, ವಿದ್ಯುತ್ ಒಟ್ಟಿಗೆ ಕಾಣುತ್ತವೆ. ಪೈನಲ್ಲಿ ಥ್ರಾಟಲ್ ಆಗಿದೆಯಾ, ಅಂದರೆ ಬಿಸಿ ಅಥವಾ ವಿದ್ಯುತ್ ಕೊರತೆಯಿಂದ ನಿಧಾನವಾಗಿದೆಯಾ, ಅಂತ ಕೇಳುವ ಕಮಾಂಡ್ ಕೊಟ್ಟಾಗ ಸೊನ್ನೆ ಬಂದರೆ ಸರಿ. ಬೇರೆ ಏನಾದರೂ ಬಂದರೆ ಮಾಡೆಲ್ ಮುಟ್ಟಬೇಡಿ, ಮೊದಲು ಅಡಾಪ್ಟರ್ ಮತ್ತು ಫ್ಯಾನ್ ನೋಡಿ.